ಕಣ್ಣು, ಹಗ್ಗ, ಗುಂಡು: ಬಲೆ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಮೀನಿಗೆ ಹೋಗುವಂತಿಲ್ಲ. ಸಣ್ಣ ದೋಣಿಯವರಿಗೂ ಕಡಲು ದಾರಿ ಕೊಡದ ದಿನಗಳೇ ಹೆಚ್ಚು. ಬಲೆ ಬಿಚ್ಚಿ, ಹೊಲಿದು, ಹೊಸದಾಗಿ ಹಗ್ಗಕ್ಕೆ ಏರಿಸುವ ಕಾಲ ಇದು. ಹಾಗಾಗಿ ಈ ಸಲದ ಪತ್ರಗಳಲ್ಲೂ ಬಲೆಯದೇ ಮಾತು.

ಅಣ್ಣನೂ ನಾನೂ ಸೇರಿ ಒಂದೇ ನಮೂನೆಯ ಬಲೆ ತಂದೆವು. 50 ಮಿ.ಮೀ. ಕಣ್ಣು (ಜಾಲದ ಕಿಂಡಿ), ಆಳಕ್ಕೆ 100 ಕಣ್ಣು, ಉದ್ದಕ್ಕೆ 2000 ಕಣ್ಣು. ಅಣ್ಣ 50 ಮೀಟರ್ ಹಗ್ಗಕ್ಕೆ ಏರಿಸಿದ. ಸಡಿಲ ಇದ್ದಷ್ಟೂ ಮೀನು ಜಾಸ್ತಿ ಎಂದು ನಾನು 38 ಮೀಟರಿಗೆ ಏರಿಸಿದೆ. ಅವನಿಗೆ ಬಂಗಡೆ ಬೀಳುತ್ತದೆ. ನನಗೆ ಕಸ, ಏಡಿ, ಚಿಲ್ಲರೆ ಮೀನು, ಬಿಡಿಸುವಷ್ಟರಲ್ಲಿ ಬೆಳಗಾಗುತ್ತದೆ. ನನ್ನ ಪಾಲಿಗೆ ಕೆಟ್ಟ ಬಲೆ ಬಂತೇ?
— ಓದುಗರು, ಹಾರವಾಡ

ಬಲೆ ಕೆಟ್ಟದ್ದಲ್ಲ, ಏರಿಸಿದ್ದು ಕೆಟ್ಟಿದೆ. ಅಂಗಡಿಯಲ್ಲಿ ಸಿಗುವುದು ಬರಿಯ ಜಾಲ. ಅದು ಬಲೆಯಾಗುವುದು ಹಗ್ಗಕ್ಕೆ ಏರಿದ ಮೇಲೆ. ಎಲ್ಲರೂ ಕಣ್ಣಿನ ಅಳತೆ ಕೇಳುತ್ತಾರೆ, ಎಷ್ಟು ಜಾಲವನ್ನು ಎಷ್ಟು ಹಗ್ಗಕ್ಕೆ ಕಟ್ಟಿದೆ ಎಂದು ಕೇಳುವವರು ಕಡಿಮೆ.

ಲೆಕ್ಕ ಸುಲಭ. 2000 ಕಣ್ಣನ್ನು ಪೂರ್ತಿ ಎಳೆದರೆ 100 ಮೀಟರ್ ಜಾಲ. ಅದನ್ನು 50 ಮೀಟರ್ ಹಗ್ಗಕ್ಕೆ ಕಟ್ಟಿದರೆ ಏರಿಕೆಯ ಪ್ರಮಾಣ, ಅಂದರೆ ಹಗ್ಗದ ಉದ್ದವನ್ನು ಎಳೆದ ಜಾಲದ ಉದ್ದದಿಂದ ಭಾಗಿಸಿದ್ದು, 0.50, ನಿಮ್ಮದು 0.38. ಈ ಒಂದು ಸಂಖ್ಯೆ ಕಣ್ಣಿನ ಆಕಾರವನ್ನು ನಿರ್ಧರಿಸುತ್ತದೆ. 0.50ರಲ್ಲಿ ನಿಮ್ಮ 50 ಮಿ.ಮೀ. ಕಣ್ಣು ನೀರಿನಲ್ಲಿ 25 ಮಿ.ಮೀ. ಅಗಲ, 43 ಮಿ.ಮೀ. ಎತ್ತರಕ್ಕೆ ತೆರೆದುಕೊಳ್ಳುತ್ತದೆ. ಬಂಗಡೆಯನ್ನು ಅಡ್ಡ ಕತ್ತರಿಸಿದರೆ ಕಾಣುವುದು ಅಗಲಕ್ಕಿಂತ ಎತ್ತರ ಜಾಸ್ತಿ ಇರುವ ಅಂಡಾಕಾರ. ಅದರ ತಲೆ ಈ ಕಣ್ಣಿಗೆ ಹೊಂದುತ್ತದೆ. ತಲೆ ದಾಟುತ್ತದೆ, ಹೊಟ್ಟೆ ದಾಟುವುದಿಲ್ಲ, ಹಿಂದೆ ಸರಿಯಲು ನೋಡಿದರೆ ನೂಲು ಕಿವಿರಿನ ಮುಚ್ಚಳಕ್ಕೆ ಸಿಕ್ಕುತ್ತದೆ. ನಿಮ್ಮ 0.38ರಲ್ಲಿ ಅದೇ ಕಣ್ಣು 19 ಮಿ.ಮೀ. ಅಗಲ, 46 ಮಿ.ಮೀ. ಎತ್ತರದ ಸೀಳು. ಬಂಗಡೆಯ ತಲೆ ಅದರೊಳಗೆ ಸರಾಗ ನುಗ್ಗುವುದಿಲ್ಲ. ಜೋಲು ಬಿದ್ದ ಜಾಲದಲ್ಲಿ ಮುಳ್ಳು, ಕಾಲು, ಕೊಂಬು ಇರುವ ಪ್ರತಿಯೊಂದೂ ಸುತ್ತಿಕೊಳ್ಳುತ್ತದೆ. ಏಡಿಗಾಗಿಯೇ ಬಲೆ ಕಟ್ಟುವವರು 0.40ರ ಆಸುಪಾಸು ಇಡುವುದು ಇದೇ ಕಾರಣಕ್ಕೆ. ನೀವು ಗೊತ್ತಿಲ್ಲದೆ ಏಡಿಬಲೆ ಕಟ್ಟಿದ್ದೀರಿ.

ಸಡಿಲ ಬಿಟ್ಟರೆ ಬಲೆಯ ಆಳ ಹೆಚ್ಚುತ್ತದಲ್ಲ ಎಂದು ಕೇಳಬಹುದು. ಹೆಚ್ಚುತ್ತದೆ, ಆದರೆ ಎಷ್ಟು? ಅಣ್ಣನ ಬಲೆ ಸುಮಾರು 4.33 ಮೀಟರ್ ಆಳ, ನಿಮ್ಮದು 4.62. ಒಂದು ಅಡಿಯೂ ಸಿಗಲಿಲ್ಲ, ಉದ್ದದಲ್ಲಿ ಹೋದದ್ದು 12 ಮೀಟರ್. ಮೀನಿಗೆ ಅಡ್ಡ ನಿಲ್ಲುವ ಗೋಡೆ ಅವನದು ಸುಮಾರು 216 ಚದರ ಮೀಟರ್, ನಿಮ್ಮದು 176. ಒಂದೇ ದುಡ್ಡಿನ ಜಾಲ, ಐದರಲ್ಲಿ ಒಂದು ಪಾಲು ಗೋಡೆ ಕಡಿಮೆ.

ಹಾಗೆಂದು ಇನ್ನೊಂದು ತುದಿಗೂ ಹೋಗಬೇಡಿ. 0.70ಕ್ಕೆ ಎಳೆದು ಕಟ್ಟಿದರೆ ಗೋಡೆ ಅತಿ ದೊಡ್ಡದಾಗುತ್ತದೆ ನಿಜ. ಆದರೆ ಕಣ್ಣು ಚೌಕವಾಗಿ, ಜಾಲ ಬಿಗಿದು ನಿಲ್ಲುತ್ತದೆ. ಮೀನು ತಾಗಿ ಹಿಂದೆ ಸರಿಯುತ್ತದೆ. ಬಂಗಡೆ, ತಾರಲೆಗೆ 0.50ರಿಂದ 0.60ರ ಒಳಗೆ ಇರುವುದು ಒಳ್ಳೆಯದು.

ಬಿಚ್ಚಿ ಮತ್ತೆ ಏರಿಸುವ ಕ್ರಮ ಹೀಗೆ. ಹೊಸ ಹಗ್ಗವಾದರೆ ಮೊದಲು ಎರಡು ಮರಗಳ ನಡುವೆ ಬಿಗಿದು ಒಂದು ರಾತ್ರಿ ಬಿಡಿ. ಇಲ್ಲವಾದರೆ ಅದು ಆಮೇಲೆ ಕಡಲಿನಲ್ಲಿ ಉದ್ದವಾಗಿ ನಿಮ್ಮ ಲೆಕ್ಕ ಕೆಡಿಸುತ್ತದೆ. ಮೇಲಿನ ಹಗ್ಗಕ್ಕೆ ಪ್ರತಿ 10 ಸೆಂ.ಮೀ.ಗೆ ಗುರುತು ಹಾಕಿ. ಜಾಲದ ನೂಲಿಗಿಂತ ದಪ್ಪ ನೂಲನ್ನು ಸೂಜಿಗೆ ತುಂಬಿ, ನಾಲ್ಕು ಕಣ್ಣು ಪೋಣಿಸಿ, ಗುರುತಿನ ಮೇಲೆ ಜಾರದಂತೆ ಎರಡು ಸುತ್ತಿನ ಗಂಟು ಹಾಕಿ. ಮತ್ತೆ ನಾಲ್ಕು ಕಣ್ಣು, ಮತ್ತೆ ಗಂಟು. ನಾಲ್ಕು ಕಣ್ಣು ಎಂದರೆ ಎಳೆದಾಗ 20 ಸೆಂ.ಮೀ., ಅದು 10 ಸೆಂ.ಮೀ.ಗೆ ಕೂರುತ್ತದೆ, 500 ಗಂಟಿಗೆ 50 ಮೀಟರ್ ಮುಗಿಯುತ್ತದೆ. ಕೆಳಗಿನ ಹಗ್ಗಕ್ಕೆ ಗುರುತು 10.5 ಸೆಂ.ಮೀ. ಇರಲಿ. ಅದು ಮೇಲಿನದಕ್ಕಿಂತ ಎರಡೂವರೆ ಮೀಟರ್ ಉದ್ದ ಬಂದರೆ ಎಳೆಯುವಾಗ ಭಾರ ಮೇಲಿನ ಹಗ್ಗದ ಮೇಲೆ ಬೀಳುತ್ತದೆ, ಗುಂಡಿನ (ಬಲೆ ಮುಳುಗಿಸುವ ಭಾರ) ಸಾಲು ಬಿಗಿದು ಬಂಡೆಗೆ ಸಿಕ್ಕುವುದೂ ಕಡಿಮೆ.

ಮಾತಾಡುತ್ತ ಕಟ್ಟುವಾಗ ನಾಲ್ಕರ ಬದಲು ಐದು ಕಣ್ಣು ಪೋಣಿಸುವುದು ಎಲ್ಲರಿಗೂ ಆಗುವಂಥದ್ದು. ಪ್ರತಿ 10 ಮೀಟರಿಗೆ 400 ಕಣ್ಣು ಆಗಿದೆಯೇ ಎಂದು ಎಣಿಸಿಕೊಂಡರೆ ತಪ್ಪು ಕೊನೆಯವರೆಗೆ ಬರುವುದಿಲ್ಲ.

ಅಂಗಡಿಯವರು 50 ಎಂದು ಕೊಟ್ಟರು. ಸ್ಕೇಲ್ ಇಟ್ಟು ನೋಡಿದರೆ 25 ಇದೆ. ಮೋಸವೇ?
— ಓದುಗರು, ಮಂಕಿ

ಮೋಸವಲ್ಲ. ನೀವು ಅಳೆದದ್ದು ಒಂದು ಗಂಟಿನಿಂದ ಪಕ್ಕದ ಗಂಟಿಗೆ, ಅಂದರೆ ಕಣ್ಣಿನ ಒಂದು ಬದಿ. ಕಣ್ಣಿನ ಅಳತೆ ಎಂದರೆ ಜಾಲವನ್ನು ಉದ್ದಕ್ಕೆ ಪೂರ್ತಿ ಎಳೆದಾಗ ಎದುರುಬದುರಿನ ಎರಡು ಗಂಟುಗಳ ನಡುವಿನ ದೂರ. ಒಂದೇ ಕಣ್ಣು ಅಳೆದು ತೀರ್ಮಾನ ಮಾಡಬೇಡಿ. ಜಾಲವನ್ನು ಒದ್ದೆ ಮಾಡಿ, ಸಾಲಾಗಿ 20 ಕಣ್ಣು ಎಳೆದು ಹಿಡಿದು, ಬಂದ ಉದ್ದವನ್ನು 20ರಿಂದ ಭಾಗಿಸಿ. ಆಗಲೂ 47-48 ಬಂದರೆ ಅಂಗಡಿಯವರನ್ನು ಕೇಳುವ ಹಕ್ಕು ನಿಮಗಿದೆ. ಎರಡು ಮಿ.ಮೀ. ಏನು ಮಹಾ ಎನ್ನಬೇಡಿ, ಕಣ್ಣು ಅಷ್ಟು ಕಿರಿದಾದರೆ ಸಿಕ್ಕುವ ಬಂಗಡೆಯ ಗಾತ್ರವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ.

ಸೀಸದ ಬೆಲೆ ಏರಿತೆಂದು ತಳಬಲೆಗೆ ಸಿಮೆಂಟಿನ ಗುಂಡು ಮಾಡಿಸಿದೆವು. ತೂಕ ಅಷ್ಟಕ್ಕಷ್ಟೇ, 6 ಕಿಲೋ ಸೀಸಕ್ಕೆ 6 ಕಿಲೋ ಸಿಮೆಂಟು. ಈಗ ಬಲೆ ಇಟ್ಟಲ್ಲಿ ನಿಲ್ಲುವುದಿಲ್ಲ, ಇಳಿತದ ಸೆಳೆತಕ್ಕೆ ಮಲಗಿ ಹೋಗುತ್ತದೆ.
— ಓದುಗರು, ಕಾಸರಕೋಡು ಟೊಂಕ

ತಕ್ಕಡಿ ಹೇಳುವುದು ಗಾಳಿಯಲ್ಲಿನ ತೂಕ. ನಿಮಗೆ ಬೇಕಾದದ್ದು ನೀರಿನೊಳಗಿನ ತೂಕ. ಉಪ್ಪುನೀರಿನಲ್ಲಿ ಮುಳುಗಿದಾಗ ಸೀಸ ತನ್ನ ತೂಕದ ಹತ್ತರಲ್ಲಿ ಒಂದು ಪಾಲನ್ನೂ ಕಳೆದುಕೊಳ್ಳುವುದಿಲ್ಲ. 6 ಕಿಲೋ ಸೀಸ ಕಡಲಿನೊಳಗೆ ಸುಮಾರು 5.5 ಕಿಲೋ. ಗಟ್ಟಿ ಸಿಮೆಂಟ್ ಕಾಂಕ್ರೀಟ್ 6 ಕಿಲೋ ಇದ್ದದ್ದು 3.4 ಕಿಲೋಗೆ ಇಳಿಯುತ್ತದೆ. ಸುಟ್ಟ ಮಣ್ಣಿನ ಗುಂಡಾದರೆ ಅರ್ಧಕ್ಕೂ ಬರಬಹುದು. ಹಾಗಾಗಿ 6 ಕಿಲೋ ಸೀಸದ ಜಾಗಕ್ಕೆ ಸಿಮೆಂಟ್ ಸುಮಾರು 9.6 ಕಿಲೋ ಬೇಕು, ಮಣ್ಣು 11 ಕಿಲೋ ಹತ್ತಿರ.

ಗುಂಡು ಎಷ್ಟಿರಬೇಕು ಎನ್ನುವುದು ಬೆಂಡಿನ (ಮೇಲಿನ ಹಗ್ಗವನ್ನು ಎತ್ತಿ ಹಿಡಿಯುವ ತೇಲುವ ತುಂಡು) ಮೇಲೆ ನಿಂತಿದೆ. ನೈಲಾನ್ ಜಾಲ ನೀರಿನಲ್ಲಿ ತನ್ನ ತೂಕದ ಹತ್ತನೇ ಒಂದು ಭಾಗದಷ್ಟೇ ಭಾರ. ಪಾಲಿಪ್ರೊಪಿಲೀನ್ ಹಗ್ಗ ತೇಲುತ್ತದೆ. ಸಣ್ಣ ಬಲೆಯಲ್ಲಿ ಇವೆರಡೂ ಹೆಚ್ಚುಕಡಿಮೆ ಸರಿದೂಗುತ್ತವೆ, ಲೆಕ್ಕಕ್ಕೆ ಉಳಿಯುವುದು ಬೆಂಡು ಮತ್ತು ಗುಂಡು. ತಳಬಲೆಗೆ ಗುಂಡಿನ ನೀರೊಳಗಿನ ತೂಕ ಬೆಂಡಿನ ಒಟ್ಟು ತೇಲುಬಲದ ಮೂರು ಪಟ್ಟಿನಷ್ಟು ಇರಲಿ. ಮೇಲ್ಮೈಯಲ್ಲಿ ತೇಲಿಬಿಡುವ ಬೀಡುಬಲೆಗೆ ತಿರುಗಿಸಿ ಲೆಕ್ಕ ಹಾಕಬೇಕು: ತೇಲುಬಲ ಗುಂಡಿನ ಎರಡು ಪಟ್ಟು. ನಿಮ್ಮ ಬಲೆಯಲ್ಲಿ ತಲಾ 40 ಗ್ರಾಂ ಎತ್ತುವ 50 ಬೆಂಡು ಇದ್ದರೆ 2 ಕಿಲೋ ತೇಲುಬಲ. ಅದಕ್ಕೆ 5.5 ಕಿಲೋ ಚೆನ್ನಾಗಿತ್ತು, 3.4 ಸಾಲದು.

ಇದನ್ನು ಮನೆಯಂಗಳದಲ್ಲೇ ನೋಡಬಹುದು. ಬಕೆಟ್ಟಿಗೆ ಕಡಲ ನೀರು ತುಂಬಿ, ಗುಂಡನ್ನು ದಾರದಲ್ಲಿ ಕಟ್ಟಿ ಕೈತಕ್ಕಡಿಗೆ ತೂಗುಹಾಕಿ, ತಳಕ್ಕೂ ಅಂಚಿಗೂ ತಾಗದಂತೆ ಮುಳುಗಿಸಿ. ತಕ್ಕಡಿ ತೋರಿಸುವುದೇ ನೀರೊಳಗಿನ ತೂಕ. ಬೆಂಡಿಗೆ ಸೀಸದ ಚೂರುಗಳನ್ನು ಒಂದೊಂದಾಗಿ ಕಟ್ಟುತ್ತ ಹೋಗಿ. ಬೆಂಡು ಇನ್ನೇನು ಮುಳುಗಿತು ಎನ್ನುವಾಗ ನಿಲ್ಲಿಸಿ, ಆ ಸೀಸವನ್ನು ತೂಗಿ 0.9ರಿಂದ ಗುಣಿಸಿದರೆ ತೇಲುಬಲ ಸಿಗುತ್ತದೆ. ಹಳೆ ಬೆಂಡು, ಹೊಸ ಬೆಂಡು ಎರಡನ್ನೂ ಪರೀಕ್ಷಿಸಿ. ನೀರು ಕುಡಿದ, ಅದುಮಿದ ಬೆಂಡು ನೋಡಲು ಹಾಗೇ ಇರುತ್ತದೆ, ಎತ್ತುವ ಬಲ ಹೋಗಿರುತ್ತದೆ.

ಸಿಮೆಂಟಿನ ಗುಂಡು ದೊಡ್ಡದಾದ್ದರಿಂದ ಕಣ್ಣಿಗೆ ಸಿಕ್ಕಿಕೊಳ್ಳುವುದು ಜಾಸ್ತಿ. ಅಂಚು ಉಜ್ಜಿ ದುಂಡಗೆ ಮಾಡಿ. ಸೀಸ ಬಿಟ್ಟದ್ದು ಮಾತ್ರ ಒಳ್ಳೆಯದೇ. ಅಡುಗೆಮನೆಯ ಹಳೆ ಪಾತ್ರೆಯಲ್ಲಿ ಸೀಸ ಕರಗಿಸುವ ರೂಢಿ ಇನ್ನೂ ಇದೆ. ಅದರ ಹೊಗೆ ಮಕ್ಕಳಿಗೆ ವಿಷ.

ಬಲೆ ಎಳೆದಾಗ ಮೇಲಿನ ಹಗ್ಗ ತಾನೇ ತಿರುಚಿಕೊಂಡು ಜಾಲವನ್ನೆಲ್ಲ ಸುತ್ತಿಕೊಳ್ಳುತ್ತದೆ. ಏನು ಮಾಡುವುದು?
— ಓದುಗರು, ತೆಂಗಿನಗುಂಡಿ

ಹಗ್ಗಕ್ಕೆ ಒಂದೇ ದಿಕ್ಕಿನ ಹುರಿ ಇರುವುದೇ ಕಾರಣ. ಭಾರ ಬಿದ್ದಾಗ ಹುರಿ ಬಿಚ್ಚಲು ನೋಡುತ್ತದೆ, ಜಾಲವನ್ನೂ ಜೊತೆಗೆ ತಿರುಗಿಸುತ್ತದೆ. ಒಂದು ದಪ್ಪ ಹಗ್ಗದ ಬದಲು ಎರಡು ತೆಳು ಹಗ್ಗ ತೆಗೆದುಕೊಳ್ಳಿ, ಒಂದು ಬಲಹುರಿ, ಇನ್ನೊಂದು ಎಡಹುರಿ. ಜಾಲವನ್ನು ಒಂದಕ್ಕೆ, ಬೆಂಡನ್ನು ಇನ್ನೊಂದಕ್ಕೆ ಪೋಣಿಸಿ ಎರಡನ್ನೂ ಜೋಡಿಸಿ ಕಟ್ಟಿದರೆ ಒಂದರ ತಿರುಚನ್ನು ಇನ್ನೊಂದು ತಡೆಯುತ್ತದೆ. ಅಂಗಡಿಯಲ್ಲಿ ಎಡಹುರಿ ಕೇಳಿಯೇ ಪಡೆಯಬೇಕು, ತಾವಾಗಿ ಕೊಡುವುದಿಲ್ಲ.

ಮೊನೊಫಿಲಮೆಂಟ್ ಬಲೆಗೆ ಮೀನು ಚೆನ್ನಾಗಿ ಬೀಳುತ್ತದೆ, ಆದರೆ ಒಂದು ಹಂಗಾಮು ಬಾಳುವುದಿಲ್ಲ. ಹಳೆಯ ಹುರಿ ನೈಲಾನಿಗೇ ಮರಳುವುದೇ? ಮತ್ತು 210/1/2, 210/2/3 ಎಂದರೆ ಏನು?
— ಓದುಗರು, ಬೈತಖೋಲ, ಕಾರವಾರ

ಎರಡನೆಯದನ್ನು ಮೊದಲು ಹೇಳುತ್ತೇವೆ. 210 ಎಂದರೆ ಡೆನಿಯರ್: ಆ ಎಳೆ 9000 ಮೀಟರ್ ಉದ್ದಕ್ಕೆ 210 ಗ್ರಾಂ ತೂಗುತ್ತದೆ. ಮುಂದಿನ ಎರಡು ಅಂಕಿ ಗುಣಿಸಿದರೆ ನೂಲಿನಲ್ಲಿರುವ ಎಳೆಗಳ ಸಂಖ್ಯೆ. 210/1/2ರಲ್ಲಿ ಎರಡು, 210/2/3ರಲ್ಲಿ ಆರು. ಬಂಗಡೆ, ತಾರಲೆಯ ಬಲೆಗೆ ಎರಡು-ಮೂರು ಎಳೆ ಸಾಕು. ಇಸ್ವಾಣದಂಥ ದೊಡ್ಡ ಮೀನಿಗೆ ಹೆಚ್ಚು ಎಳೆ ಬೇಕು.

ಮೊನೊ ಒಂಟಿ ಎಳೆ. ನೀರಿನಲ್ಲಿ ಕಾಣುವುದು ಕಡಿಮೆ, ಆದ್ದರಿಂದ ಹಗಲಿನಲ್ಲೂ ತಿಳಿನೀರಿನಲ್ಲೂ ಅದರದೇ ಮೇಲುಗೈ. ಕಸವೂ ಸುಲಭವಾಗಿ ಬಿಡುತ್ತದೆ. ಆದರೆ ಅದು ನುಣುಪು ಮತ್ತು ಸೆಟೆದದ್ದು, ಗಂಟು ಜಾರುತ್ತದೆ. ಜಾರಿದಲ್ಲಿ ಒಂದು ಕಣ್ಣು ದೊಡ್ಡದು, ಪಕ್ಕದ್ದು ಸಣ್ಣದು. ಕೊಳ್ಳುವಾಗಲೇ ಎರಡು ಬೆರಳಲ್ಲಿ ಒಂದು ಗಂಟನ್ನು ಹಿಡಿದು ಅಡ್ಡಕ್ಕೆ ಎಳೆದು ನೋಡಿ. ಜಾರಿದರೆ ಬಿಟ್ಟುಬಿಡಿ, ಅಂಥದ್ದಕ್ಕೆ ಇಮ್ಮಡಿ ಗಂಟಿನ ಜಾಲವೇ ಬೇಕು. ಇನ್ನು ಬಾಳಿಕೆ. ಎಲ್ಲ ನೈಲಾನಿಗೂ ಬಿಸಿಲೇ ಶತ್ರು. ತೆಳು ಮೊನೊ ಬೇಗ ಬಿರುಸಾಗಿ ಗಂಟಿನ ಬುಡದಲ್ಲಿ ತುಂಡಾಗುತ್ತದೆ. ಮರಳಿನ ಮೇಲೆ ಇಡೀ ದಿನ ಹರವಿ ಒಣಗಿಸುವುದನ್ನು ನಿಲ್ಲಿಸಿದರೆ ಅರ್ಧ ಸಮಸ್ಯೆ ಮುಗಿಯಿತು. ನೈಲಾನ್ ಹತ್ತಿಯ ಹಾಗೆ ಕೊಳೆಯುವುದಿಲ್ಲ, ಅದಕ್ಕೆ ಒಣಗಿಸುವ ಅವಸರ ಬೇಡ. ಬಿಸಿಲಿಗೆ ಹರವುವುದು ಹತ್ತಿಬಲೆ ಕಾಲದ ಅಭ್ಯಾಸ, ಅಷ್ಟೇ.

ನಮ್ಮ ಸಲಹೆ: ಬಂಡೆಯಿರುವ ಜಾಗಕ್ಕೆ, ಕೆಸರು ನೀರಿಗೆ ಹುರಿ ನೈಲಾನ್, ತಿಳಿನೀರಿನ ಬೀಡುಬಲೆಗೆ ಮೊನೊ.

ಬಲೆ ಹೊಲಿಯುವುದನ್ನು ಕಲಿಯುತ್ತಿದ್ದೇನೆ. ತೂತು ತುಂಬಿಸಿದ ಮೇಲೆ ಕೊನೆಗೆ ಒಂದು ಕಾಲು (ಗಂಟಿನಿಂದ ಹೊರಡುವ ನೂಲು) ಹೆಚ್ಚೋ ಕಡಿಮೆಯೋ ಉಳಿದೇ ಉಳಿಯುತ್ತದೆ. ಎಲ್ಲಿ ತಪ್ಪುತ್ತಿದೆ?
— ಓದುಗರು, ಕೇಣಿ, ಅಂಕೋಲಾ

ಹೊಲಿಗೆಯಲ್ಲಿ ಅಲ್ಲ, ಕತ್ತರಿಯಲ್ಲಿ. ತೂತನ್ನು ಹಾಗೇ ತುಂಬಿಸಲು ಹೊರಟರೆ ಲೆಕ್ಕ ಯಾವತ್ತೂ ಕೂಡಿಬರುವುದಿಲ್ಲ. ಮೊದಲು ಅದನ್ನು ಇನ್ನಷ್ಟು ಕತ್ತರಿಸಿ ಸರಿಪಡಿಸಬೇಕು, ಹೊಸಬರಿಗೆ ಕೈ ಬಾರದಿರುವುದು ಇಲ್ಲೇ.

ಸರಿಯಿರುವ ಜಾಲದಲ್ಲಿ ಪ್ರತಿ ಗಂಟಿಗೆ ನಾಲ್ಕು ಕಾಲು. ತೂತಿನ ಅಂಚಿನಲ್ಲಿ ಕೆಲವಕ್ಕೆ ಒಂದು, ಕೆಲವಕ್ಕೆ ಎರಡು, ಮೂರು ಉಳಿದಿರುತ್ತವೆ. ಜಾಲವನ್ನು ಗೂಟಕ್ಕೆ ಸಿಕ್ಕಿಸಿ, ಕಣ್ಣು ಹೆಣೆದ ದಿಕ್ಕಿನಲ್ಲೇ ತೂಗುಹಾಕಿ. ತೂತಿನ ಮೇಲ್ತುದಿಯಲ್ಲಿ ಮೂರು ಕಾಲಿನ ಒಂದು ಗಂಟನ್ನು ಆರಂಭಕ್ಕೆ ಇಟ್ಟುಕೊಳ್ಳಿ, ಕೆಳತುದಿಯಲ್ಲಿ ಮೂರು ಕಾಲಿನ ಇನ್ನೊಂದನ್ನು ಮುಗಿಸಲು. ಇವೆರಡು ಬಿಟ್ಟು ಅಂಚಿನ ಉಳಿದ ಎಲ್ಲ ಗಂಟುಗಳಿಗೂ ಎರಡೇ ಕಾಲು ಉಳಿಯುವಂತೆ ಕತ್ತರಿಸಿ. ಒಂದೇ ಕಾಲಿನಲ್ಲಿ ನೇತಾಡುವ ಗಂಟನ್ನು ಪೂರ್ತಿ ತೆಗೆಯಿರಿ.

ಮೇಲಿನ ಮೂರು ಕಾಲಿನ ಗಂಟಿಗೆ ನೂಲು ಕಟ್ಟಿ, ಸಾಲುಸಾಲಾಗಿ ಅತ್ತಿಂದಿತ್ತ ಇಳಿಯುತ್ತ ಬನ್ನಿ. ಪ್ರತಿ ಕಣ್ಣಿಗೂ ಸೂಜಿಯನ್ನು ಹಿಂದಿನಿಂದ ತಂದು, ಹೆಬ್ಬೆರಳಲ್ಲಿ ಅದುಮಿ, ನೂಲನ್ನು ಎಡಕ್ಕೆ ಎಸೆದು, ಎರಡೂ ಕಾಲುಗಳ ಹಿಂದಿನಿಂದ ಸುತ್ತಿ, ಎಸೆದ ಸುತ್ತಿನೊಳಗಿಂದ ಹೊರತೆಗೆದು ಬಿಗಿಯಿರಿ. ಹೆಬ್ಬೆರಳು ಸಡಿಲಿಸಿದರೆ ಗಂಟು ಕಣ್ಣಿನ ತುದಿಯಿಂದ ಕೆಳಗೆ ಜಾರಿ ಬರಿಯ ಕುಣಿಕೆಯಾಗುತ್ತದೆ. ಅದನ್ನು ಬಿಚ್ಚಿ ಮತ್ತೆ ಹಾಕಿ, ಇರಲಿ ಎಂದು ಬಿಡಬೇಡಿ. 50 ಮಿ.ಮೀ. ಕಣ್ಣಿಗೆ 25 ಮಿ.ಮೀ. ಅಗಲದ ಬಿದಿರಿನ ಪಟ್ಟಿ ಅಳತೆಗೆ ಇಟ್ಟುಕೊಂಡರೆ ಸಾಲು ಒಂದೇ ಸಮ ಬರುತ್ತದೆ. ಕೊನೆಯ ನೂಲು ಕೆಳಗಿನ ಮೂರು ಕಾಲಿನ ಗಂಟಿಗೆ ತಾನಾಗಿ ಬಂದು ಮುಟ್ಟಬೇಕು. ಮುಟ್ಟದಿದ್ದರೆ ಅಂಚಿನಲ್ಲಿ ಇನ್ನೊಂದು ಮೂರು ಕಾಲಿನ ಗಂಟು ಕಣ್ಣು ತಪ್ಪಿಸಿಕೊಂಡಿದೆ ಎಂದೇ ಅರ್ಥ.

ತೂತು ಮಾರುದ್ದ ಇದ್ದರೆ ಹೊಲಿಯುತ್ತ ಕೂರಬೇಡಿ, ಹಳೆಬಲೆಯ ತುಂಡು ತೇಪೆ ಹಾಕಿ. ತೇಪೆಯ ಕಣ್ಣುಗಳ ದಿಕ್ಕು ಬಲೆಯದೇ ಇರಬೇಕು.

ಸಿಗಡಿಗೆ ಮೂರು ಪದರದ ಬಲೆ ಮಾಡಿಸಿದೆ. ಒಳಪದರ 44 ಮಿ.ಮೀ., ಹೊರಗಿನ ಎರಡು 250 ಮಿ.ಮೀ. ಸಿಗಡಿ ಬರಲಿಲ್ಲ.
— ಓದುಗರು, ತದಡಿ

ಕಣ್ಣಿನ ಅಳತೆ ಸರಿಯಿದೆ. ಪದರಗಳ ಆಳ ಎಷ್ಟೆಂದು ನೀವು ಬರೆದಿಲ್ಲ, ಬಹುಶಃ ಮೂರೂ ಒಂದೇ ಆಳ ಇರಬೇಕು. ಮೂರು ಪದರದ ಬಲೆ ಮೀನನ್ನು ಕಣ್ಣಿನಲ್ಲಿ ಹಿಡಿಯುವುದಿಲ್ಲ, ಚೀಲದಲ್ಲಿ ಹಿಡಿಯುತ್ತದೆ. ಸಿಗಡಿ ಒಳಪದರವನ್ನು ದೂಡುತ್ತ ಆಚೆಯ ದೊಡ್ಡ ಕಣ್ಣಿನಿಂದ ಹೊರಬರಬೇಕು, ಆಗ ಅಲ್ಲೊಂದು ಚೀಲವಾಗಿ ಅದು ಒಳಗೆ ಉಳಿಯುತ್ತದೆ. ಅದಕ್ಕೆ ಒಳಪದರ ಜೋಲಾಗಿರಬೇಕು, ಅದರ ಆಳ ಹೊರಪದರದ ಒಂದೂವರೆಯಿಂದ ಎರಡು ಪಟ್ಟು. ಸಮ ಇಟ್ಟರೆ ಒಳಪದರ ಬಿಗಿದು ಗೋಡೆಯಾಗುತ್ತದೆ. ಇನ್ನೊಂದು, ಎರಡೂ ಹೊರಪದರಗಳ ಕಣ್ಣು ಎದುರುಬದುರು ಹೊಂದಿರಬೇಕು. ಅಡ್ಡಾದಿಡ್ಡಿ ಇದ್ದರೆ ಚೀಲಕ್ಕೆ ದಾರಿ ಸಿಗುವುದಿಲ್ಲ.

ಗಜನಿಯ (ಹಿನ್ನೀರ ದಂಡೆಯ ಉಪ್ಪುನೀರಿನ ಗದ್ದೆ) ತೂಬಿಗೆ ಇಳಿತದಲ್ಲಿ ಕಟ್ಟುವ ಚೀಲಬಲೆ ಎರಡು ಸಲ ಹರಿಯಿತು. ದಪ್ಪ ನೂಲು ಹಾಕಿಸಿದರೂ ಹರಿಯಿತು.
— ಓದುಗರು, ಅಘನಾಶಿನಿ ದಂಡೆ, ಕುಮಟಾ

ದಪ್ಪ ನೂಲು ಹಾಕಿಸಿದ್ದರಿಂದಲೇ ಹರಿದಿರಬಹುದು. ಸಣ್ಣ ಕಣ್ಣಿಗೆ ದಪ್ಪ ನೂಲು ಹಾಕಿದರೆ ನೀರು ಹೋಗುವ ಜಾಗ ಕಮ್ಮಿ. ಕಣ್ಣಿನ ಒಂದು ಬದಿ 5 ಮಿ.ಮೀ., ನೂಲು 1 ಮಿ.ಮೀ. ಇದ್ದರೆ, ಕಣ್ಣು ಚೌಕಾಗಿ ಪೂರ್ತಿ ತೆರೆದಾಗಲೂ ಬಲೆಯ ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ನೂಲೇ ಇರುತ್ತದೆ. ಎಳೆತಕ್ಕೆ ಕಣ್ಣು ಮುಚ್ಚಿಕೊಂಡಾಗ ಇನ್ನೂ ಕೆಟ್ಟದು, ಅದರ ಮೇಲೆ ಎಲೆ, ಪಾಚಿ. ನೀರು ನಿಂತು ಒತ್ತುತ್ತದೆ, ಚೀಲ ಬಾಯಿಯ ಹೊಲಿಗೆಯಲ್ಲಿ ಕಿತ್ತುಬರುತ್ತದೆ. ನೂಲು ತೆಳುವಾಗಲಿ, ಚೀಲ ಉದ್ದವಾಗಲಿ. ಬಲೆಯಲ್ಲಿ ನೀರು ದಾಟುವ ಒಟ್ಟು ಜಾಗ ಬಾಯಿಯ ಮೂರು-ನಾಲ್ಕು ಪಟ್ಟು ಇರಬೇಕು. ಬಾಯಿಯ ಹತ್ತಿರ ದೊಡ್ಡ ಕಣ್ಣು, ಬುಡಕ್ಕೆ ಹೋಗುತ್ತ ಸಣ್ಣದು. ಬುಡವನ್ನೂ ತೀರ ಸಣ್ಣ ಮಾಡಿದರೆ ಮುಂದಿನ ತಿಂಗಳ ಸಿಗಡಿಯನ್ನು ಈ ತಿಂಗಳೇ ಕಾಸಿಗೆ ಕೊಟ್ಟಂತೆ.

ಕೈರಂಪಣಿಯ (ದಡದಿಂದ ಕೈಯಲ್ಲಿ ಎಳೆಯುವ ಉದ್ದ ಬಲೆ) ನಡುವಿನ ಬಲೆ ಬೇರೆ, ಬದಿಯದು ಬೇರೆ ಇರುವುದೇಕೆ? ಒಂದೇ ನಮೂನೆ ತಂದರೆ ಅಗ್ಗವಲ್ಲವೇ?
— ಓದುಗರು, ಮಾಜಾಳಿ

ಬದಿಯ ಬಲೆಯ ಕೆಲಸ ಮೀನನ್ನು ಹೆದರಿಸಿ ನಡುವಿಗೆ ಅಟ್ಟುವುದು. ಅಲ್ಲಿ ದೊಡ್ಡ ಕಣ್ಣು, ತೆಳು ನೂಲು ಇದ್ದರೆ ಎಳೆಯುವ ಭಾರ ಇಳಿಯುತ್ತದೆ. ಕೊನೆಗೆ ಮೀನೆಲ್ಲ ಒಟ್ಟಾಗಿ ಭಾರ ಬೀಳುವುದು ನಡುವಿಗೆ, ಅಲ್ಲಿ ಸಣ್ಣ ಕಣ್ಣು, ಗಟ್ಟಿ ನೂಲು. ಇಡೀ ಬಲೆಗೆ ನಡುವಿನ ನಮೂನೆ ಹಾಕಿದರೆ ಎಳೆಯಲು ಇನ್ನಷ್ಟು ಜನ ಬೇಕು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು (ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿದು ಅಡಿ ಬಿಗಿಯುವ ಬೋಟುಗಳು) ಬಂದ ಮೇಲೆ ದೊಡ್ಡ ರಂಪಣಿ ಹಿಂದೆ ಸರಿದದ್ದು ಮೀನಿನ ಕೊರತೆಗೆ ಮಾತ್ರವಲ್ಲ, ಅಷ್ಟು ಕೈ ಕೂಡಿಸುವ ಕಷ್ಟಕ್ಕೂ ಹೌದು.

ತೋಟದ ಕೆರೆಯಲ್ಲಿ ಮೀನು ಬಿಟ್ಟಿದ್ದೇವೆ. ಬೀಸುಬಲೆ ತಂದರೆ ಬಿಚ್ಚಿಕೊಳ್ಳುತ್ತದೆ, ಆದರೆ ಮೀನು ಅಡಿಯಿಂದ ತಪ್ಪಿಸಿಕೊಳ್ಳುತ್ತದೆ.
— ಓದುಗರು, ಶಿರಸಿ

ಘಟ್ಟದ ಮೇಲಿಂದಲೂ ಪತ್ರ ಬಂದದ್ದು ಸಂತೋಷ. ಎರಡು ಕಾರಣ ಇರಬಹುದು. ಗುಂಡು ಹಗುರಾದರೆ ಬಲೆ ನಿಧಾನ ಇಳಿಯುತ್ತದೆ. 8 ಅಡಿ ಉದ್ದದ ಬೀಸುಬಲೆಗೆ 4 ಕಿಲೋ ಆಸುಪಾಸು ಸೀಸ ಬೇಕು. ಇನ್ನೊಂದು, ಅಂಚಿಗೆ ಮಡಿಕೆ ಇಲ್ಲದಿರುವುದು. ಅಂಚನ್ನು ಒಳಕ್ಕೆ ಒಂದು ಅಡಿಯಷ್ಟು ಮಡಚಿ, ಅಲ್ಲಲ್ಲಿ ದಾರ ಕಟ್ಟಿ ಜೇಬು ಮಾಡಿಕೊಳ್ಳಿ. ಎಳೆಯುವಾಗ ಗುಂಡುಗಳು ಕೂಡಿಬಂದು ಕೆಳಗೆ ನುಗ್ಗಿದ ಮೀನು ಜೇಬಿಗೆ ಬೀಳುತ್ತದೆ. ಕೆರೆಯಲ್ಲಿ ಅಡಕೆ ಸೋಗೆ, ಮರದ ಬೇರು ಇದ್ದರೆ ಮೊದಲು ಅದನ್ನು ತೆಗೆಸಿ, ಇಲ್ಲವಾದರೆ ಯಾವ ಬಲೆಯೂ ಉಳಿಯದು.

ಅಮಾವಾಸ್ಯೆಯ ಆಸುಪಾಸು ಬಲೆ ನೀರೊಳಗೆ ಮಿಣಿಮಿಣಿ ಹೊಳೆಯುತ್ತದೆ, ಆ ದಿನ ಮೀನಿಲ್ಲ.
— ಓದುಗರು, ಬೇಲೆಕೇರಿ

ನೀರಿನಲ್ಲಿರುವ ಸೂಕ್ಷ್ಮಜೀವಿಗಳು ಅಲುಗಿದಾಗ ಬೆಳಕು ಬಿಡುತ್ತವೆ. ಸೆಳೆತ ಕಣ್ಣುಗಳ ನಡುವೆ ಹಾಯುವಾಗ ಬಲೆ ಪೂರ್ತಿ ಬೆಳಗಿ ಮೀನಿಗೆ ಕಾಣುತ್ತದೆ. ನೀರು ನಿಂತ ಹೊತ್ತಿನಲ್ಲಿ, ಅಂದರೆ ಭರತ ಮುಗಿದು ಇಳಿತ ಶುರುವಾಗುವ ಅಥವಾ ಇಳಿತ ಮುಗಿದು ಭರತ ಶುರುವಾಗುವ ನಡುವಿನ ಹೊತ್ತಿನಲ್ಲಿ ಬಲೆ ಬಿಡಿ. ತೆಳು ನೂಲು ಸ್ವಲ್ಪ ಕಡಿಮೆ ಹೊಳೆಯುತ್ತದೆ. ಬೆಳಕು ಜೋರಿದ್ದರೆ ಆ ರಾತ್ರಿ ಡೀಸೆಲ್ ಉಳಿಸಿ.

ಬಲೆಗೆ ಕಡಲಾಮೆ ಸಿಕ್ಕಿದರೆ ಏನು ಮಾಡಬೇಕು?
— ಓದುಗರು, ದೇವಬಾಗ

ಬಲೆಯನ್ನು ಕತ್ತರಿಸಿ. ಎಳೆದು ಬಿಡಿಸಲು ಹೋದರೆ ಕಾಲು ಮುರಿಯುತ್ತದೆ. ಕುತ್ತಿಗೆ, ಕಾಲಿನಲ್ಲಿ ನೂಲಿನ ಸುತ್ತು ಉಳಿಯದಂತೆ ನೋಡಿ. ಉಳಿದರೆ ಅದು ಬೆಳೆದಂತೆ ಕೊಯ್ಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಡಲಾಮೆಗೆ ಅತಿ ಹೆಚ್ಚಿನ ರಕ್ಷಣೆಯಿದೆ, ಸಿಕ್ಕಿದ್ದನ್ನು ಇಟ್ಟುಕೊಳ್ಳುವಂತಿಲ್ಲ. ಆಮೆ ಉಸಿರಾಡಲು ಮೇಲೆ ಬರಲೇಬೇಕು, ತಳಬಲೆಯಲ್ಲಿ ರಾತ್ರಿಯಿಡೀ ಸಿಕ್ಕಿದರೆ ಉಸಿರುಗಟ್ಟಿ ಸಾಯುತ್ತದೆ. ಚಳಿಗಾಲದಲ್ಲಿ ಅವು ಮೊಟ್ಟೆಗೆ ದಡಕ್ಕೆ ಬರುವ ತಿಂಗಳುಗಳಲ್ಲಿ ದಡದ ಹತ್ತಿರ ತಳಬಲೆ ಇಟ್ಟು ಮನೆಗೆ ಹೋಗಬೇಡಿ, ಎರಡು-ಮೂರು ತಾಸಿಗೊಮ್ಮೆ ಎತ್ತಿ ನೋಡಿ.

ಮಳೆಗಾಲಕ್ಕೆ ಬಲೆ ಎತ್ತಿಡುವಾಗ ಏನೇನು ನೋಡಬೇಕು?
— ಓದುಗರು, ಅಳ್ವೇಕೋಡಿ

ಸಿಹಿನೀರಿನಲ್ಲಿ ತೊಳೆದು ಉಪ್ಪು ತೆಗೆಯಿರಿ. ಒಣಗಿದ ಉಪ್ಪಿನ ಹರಳು ಗಂಟನ್ನು ಒಳಗಿಂದ ಉಜ್ಜುತ್ತದೆ. ನೆರಳಲ್ಲಿ ಒಣಗಿಸಿ. ಮೀನಿನ ವಾಸನೆ ಉಳಿದರೆ ಇಲಿ ಬರುತ್ತದೆ, ಆದ್ದರಿಂದ ನೆಲದ ಮೇಲೆ ಗುಡ್ಡೆ ಹಾಕದೆ ಜಂತಿಗೆ ತೂಗುಹಾಕಿ. ಡೀಸೆಲ್, ಎಂಜಿನ್ ಎಣ್ಣೆಯ ಡಬ್ಬ ಹತ್ತಿರ ಬೇಡ. ಬೆಂಡು, ಗುಂಡಿನ ಹಗ್ಗವನ್ನು ಬೇರೆಬೇರೆ ಬದಿಗೆ ಮಡಚಿಡಿ, ಆಗಸ್ಟಿನಲ್ಲಿ ಬಿಡಿಸುವಾಗ ಸಿಕ್ಕಾಗುವುದಿಲ್ಲ.